ಹುಡುಗರು ಕೆಡಿಸಿದ ಮಾದರಿ ಕಾರು ಕಸವಲ್ಲ, ಥಿನ್ನರ್ ಅದಕ್ಕೆ ಮದ್ದೂ ಅಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹಳೆಯ ಪ್ಲಾಸ್ಟಿಕ್ ಮಾದರಿ ಕಾರುಗಳ ಸಂಗ್ರಹದ ಬಗ್ಗೆ ಬಂದ ಲೇಖನವನ್ನು ಇ-ಪತ್ರಿಕೆಯಲ್ಲಿ ಓದಿದೆ. ಬಿಡಿಭಾಗಗಳನ್ನು ಅಂಟಿಸಿ ಕಾರು ಕಟ್ಟಿಕೊಳ್ಳುವ ಕಿಟ್‌ಗಳಲ್ಲಿ ಪೆಟ್ಟಿಗೆಯನ್ನೇ ತೆರೆಯದವುಗಳ ಬಗ್ಗೆ ಲೇಖಕರು ಬರೆದಿರುವುದೆಲ್ಲ ಚೆನ್ನಾಗಿದೆ. ಆದರೆ ಅವರ ಎರಡು ಮಾತುಗಳಿಗೆ ನನ್ನ ತಕರಾರಿದೆ. ಯಾರೋ ಹುಡುಗರು ಅಡ್ಡಾದಿಡ್ಡಿಯಾಗಿ ಅಂಟಿಸಿ, ಕೈಗೆ ಸಿಕ್ಕ ಬಣ್ಣ ಬಳಿದಿಟ್ಟ ಕಿಟ್ ಕಸಕ್ಕೆ ಸಮ ಎಂಬುದು ಒಂದು. ಅಂಥದ್ದನ್ನೂ ಉಳಿಸಿಕೊಳ್ಳಬೇಕೆನ್ನುವವರು ಹಳೆಯ ಬಣ್ಣವನ್ನು ಥಿನ್ನರ್ ಹಾಕಿ ಒರೆಸಿ ತೆಗೆಯಬಹುದು ಎಂಬುದು ಇನ್ನೊಂದು. ಮೊದಲನೆಯದು ಅಭಿಪ್ರಾಯ, ಅದನ್ನು ಚರ್ಚಿಸಬಹುದು. ಎರಡನೆಯದು ಮಾತ್ರ ಪೂರಾ ತಪ್ಪು. ಅದನ್ನು ನಂಬಿದವರು ಬಣ್ಣದ ಜೊತೆಗೆ ಕಾರನ್ನೂ ಕಳೆದುಕೊಳ್ಳುತ್ತಾರೆ.

ಈ ಕಿಟ್‌ಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಹಾರ್ಡ್‌ವೇರ್ ಅಂಗಡಿಯಲ್ಲಿ ಥಿನ್ನರ್ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವ ಎನ್.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರ್‌ನಲ್ಲಿ ಟಾಲ್ವೀನ್, ಅಸಿಟೋನ್‌ನಂಥ ದ್ರಾವಕಗಳಿರುತ್ತವೆ, ಮತ್ತು ಇವು ಪಾಲಿಸ್ಟೈರೀನನ್ನು ಕರಗಿಸುತ್ತವೆ. ಬಟ್ಟೆಗೆ ತುಸು ಹಚ್ಚಿ ಒರೆಸಿದರೂ ಬಾಗಿಲಿನ ಗೆರೆ, ಹಿಡಿ, ಪಕ್ಕದ ಉಬ್ಬು ಅಕ್ಷರಗಳೆಲ್ಲ ಮೆತ್ತಗಾಗಿ ಒಂದರಲ್ಲೊಂದು ಬೆರೆತುಹೋಗುತ್ತವೆ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಕೂಡ ಅದನ್ನೇ ಮಾಡುತ್ತದೆ.

ವಾಹನ ಉದ್ಯಮದ ಕೆಲಸಕ್ಕೆಂದು ಬಂದು ಬಹಳ ವರ್ಷಗಳಿಂದ ಮಿಷಿಗನ್‌ನ ಟ್ರಾಯ್ ಊರಿನಲ್ಲಿ ನೆಲೆಸಿರುವ ನನಗೆ ಈ ಹವ್ಯಾಸ ಹತ್ತಿದ್ದು ಇಲ್ಲಿನ ನೆಲದಿಂದಲೇ ಎನ್ನಬೇಕು. ಮಾದರಿ ಕಾರುಗಳನ್ನು ತಯಾರಿಸುತ್ತಿದ್ದ, 1948ರಲ್ಲಿ ಆರಂಭವಾದ ಎ.ಎಂ.ಟಿ. ಕಂಪನಿ ಇದೇ ಊರಿನಲ್ಲಿತ್ತು. ಅಂಥವೇ ಇನ್ನೆರಡು ಕಂಪನಿಗಳಲ್ಲಿ ಜೋ-ಹ್ಯಾನ್ ಪಕ್ಕದ ಡೆಟ್ರಾಯಿಟ್‌ನದು, ಎಂ.ಪಿ.ಸಿ. ಸಮೀಪದ ಮೌಂಟ್ ಕ್ಲೆಮೆನ್ಸ್‌ನದು. ಕಾರು ಕಂಪನಿಗಳು ತಮ್ಮ ಡೀಲರುಗಳಿಗೆ ಹಂಚುತ್ತಿದ್ದ, ಮೂಲದ 25ನೇ ಒಂದು ಅಳತೆಯ ಪ್ರಚಾರದ ಮಾದರಿಗಳಿಂದ ಈ ಉದ್ಯಮ ಬೆಳೆಯಿತು. 1958ರಲ್ಲಿ ಎ.ಎಂ.ಟಿ., ಒಂದೇ ಪೆಟ್ಟಿಗೆಯ ಭಾಗಗಳಿಂದ ಕಾರನ್ನು ಕಾರ್ಖಾನೆಯಿಂದ ಬಂದಂತೆಯೋ, ಶೋಕಿಗಾಗಿ ಮಾರ್ಪಡಿಸಿದಂತೆಯೋ, ರೇಸಿಗೆ ಇಳಿಸಿದಂತೆಯೋ ಕಟ್ಟಿಕೊಳ್ಳಬಹುದಾದ 'ಮೂರರಲ್ಲೊಂದು' ಕಿಟ್‌ಗಳನ್ನು ಹೊರತಂದಿತು. ನಿಜವಾದ ಕಾರಿನ ರೂಪ ಪ್ರತಿವರ್ಷ ಬದಲಾಗುತ್ತಿದ್ದುದರಿಂದ ಕಿಟ್ ಕೂಡ ವರ್ಷಕ್ಕೊಮ್ಮೆ ಬದಲಾಗಬೇಕಿತ್ತು. ಲೇಖಕರ ಗಮನಕ್ಕೆ ಬಾರದ ಸಂಗತಿ ಇಲ್ಲಿದೆ: ಉಕ್ಕಿನ ಅಚ್ಚು ತುಂಬ ದುಬಾರಿಯಾದ್ದರಿಂದ ಪ್ರತಿವರ್ಷವೂ ಹೊಸದನ್ನು ಮಾಡಿಸದೆ, ಹೋದ ವರ್ಷದ ಅಚ್ಚನ್ನೇ ಕೊರೆದು ತಿದ್ದಿ ಈ ವರ್ಷದ ಕಾರಿಗೆ ಬಳಸುವುದು ವಾಡಿಕೆಯಾಗಿತ್ತು. ಹಾಗೆ ತಿದ್ದಿದ ಮೇಲೆ ಹಿಂದಿನ ವರ್ಷದ ಕಿಟ್ಟನ್ನು ಆ ಅಚ್ಚಿನಿಂದ ಮತ್ತೆ ತೆಗೆಯುವಂತಿಲ್ಲ. ಕೆಲವನ್ನು ಇತ್ತೀಚೆಗೆ ಹೊಸ ಅಚ್ಚಿನಲ್ಲಿ ಮಾಡಿದ್ದಾರೆ, ನಿಜ. ಉಳಿದವುಗಳ ವಿಷಯದಲ್ಲಿ, ಪೆಟ್ಟಿಗೆ ತೆರೆಯದ ಒಂದೊಂದು ಪ್ರತಿ ಹಣವಂತರ ಕಪಾಟಿನಲ್ಲಿರಬಹುದು. ಮಿಕ್ಕವರ ಪಾಲಿಗೆ ಇರುವುದು ಅಂದಿನ ಹುಡುಗರು ಅಂಟು ಮೆತ್ತಿ ಕಟ್ಟಿದ ಕಾರುಗಳೇ. ಇವು ಇಲ್ಲಿ ಮನೆಗಳ ಗ್ಯಾರೇಜ್ ಮಾರಾಟಗಳಲ್ಲಿ ಚೂರುಪಾರುಗಳ ಡಬ್ಬದ ಸಮೇತ ಇಂದಿಗೂ ಅಗ್ಗಕ್ಕೆ ಸಿಗುತ್ತವೆ.

ಆ ಹುಡುಗರನ್ನು ಬೈಯುವ ಮೊದಲು ಅವರ ಕೈಯಲ್ಲಿದ್ದ ಅಂಟನ್ನು ಗಮನಿಸಬೇಕು. ಟ್ಯೂಬಿನಲ್ಲಿ ಬರುತ್ತಿದ್ದ ಆ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗಗಳನ್ನು ಬೆಸೆಯುವಂಥದ್ದು. ಹೆಚ್ಚು ಸುರಿದರೆ ಮೈಯೆಲ್ಲ ಕರಗಿ ಬೆರಳಚ್ಚು ಮೂಡುತ್ತದೆ, ಕಿಟಕಿಗಳ ಪಾರದರ್ಶಕ ಪ್ಲಾಸ್ಟಿಕ್ 'ಗಾಜು' ಮಂಜಾಗುತ್ತದೆ. ಇನ್ನು ಬಂಪರ್, ಗ್ರಿಲ್‌ಗಳ ಹೊಳಪೋ, ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಂನ ಅತಿ ತೆಳುವಾದ ಪದರ. ಅಂಟಿಗೆ ಅದರಡಿಯ ಪ್ಲಾಸ್ಟಿಕ್ ಸಿಗುವುದೇ ಇಲ್ಲವಾದ್ದರಿಂದ ಹಿಡಿತವೂ ಬರುವುದಿಲ್ಲ. ಅಂಟಿಸುವ ಜಾಗದಲ್ಲಿ ಹೊಳಪನ್ನು ಕೆರೆಯಬೇಕೆಂದು ತಿಳಿಯದ ಹುಡುಗ ಬಂಪರ್ ನಿಲ್ಲಲಿಲ್ಲವೆಂದು ಇನ್ನಷ್ಟು ಅಂಟು ಸುರಿಯುತ್ತಾನೆ, ಅದು ಸೋರಿ ಪಕ್ಕದ ಮಡ್‌ಗಾರ್ಡನ್ನು ತಿನ್ನುತ್ತದೆ. ಹಳೆಯ ಕಾರುಗಳಲ್ಲಿ ಹೊಳಪಿನ ಭಾಗಗಳ ಸುತ್ತಲೇ ಅತಿ ಹೆಚ್ಚು ಅಂಟು ಮೆತ್ತಿಕೊಂಡಿರುವುದಕ್ಕೂ, ಆದರೂ ಬಿಚ್ಚುವಾಗ ಆ ಭಾಗಗಳೇ ಎಲ್ಲಕ್ಕಿಂತ ಸುಲಭವಾಗಿ ಕಳಚಿ ಬರುವುದಕ್ಕೂ ಇದೇ ಕಾರಣ.

ದುರಸ್ತಿಯ ಅರ್ಧ ಕೆಲಸ ಬಿಚ್ಚುವುದರಲ್ಲಿದೆ. ಕಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಂದು ರಾತ್ರಿ ಫ್ರಿಜ್ಜಿನ ಫ್ರೀಜರ್‌ನಲ್ಲಿಟ್ಟರೆ ಹಳೆಯ ಅಂಟು ಪೆಡಸಾಗುತ್ತದೆ. ಹೊರತೆಗೆದ ಕೂಡಲೇ ಸಂದಿಗೆ ತೆಳುವಾದ ಬ್ಲೇಡ್ ಸೇರಿಸಿ ಮೆಲ್ಲಗೆ ತಿರುಚಿದರೆ ಎಷ್ಟೋ ಜೋಡಣೆಗಳು ಟಪ್ಪೆಂದು ಬಿಡುತ್ತವೆ. ಫೆವಿಕ್ವಿಕ್ ಥರದ ಅಂಟಿಗೂ ಈ ಉಪಾಯ ಒಗ್ಗುತ್ತದೆ. ಆದರೆ ನಿಜವಾಗಿ ಕರಗಿ ಬೆಸೆದ ಜೋಡಣೆ ಹೀಗೆ ಬಿಡುವುದಿಲ್ಲ. ಅಲ್ಲಿ ಬಲ ಹಾಕಿದರೆ ಮುರಿಯುವುದು ಜೋಡಣೆಯಲ್ಲ, ಗಾಜಿನ ಎರಡು ಪಕ್ಕದ ಸಪೂರ ಕಂಬಗಳು. ಹಳೆಯ ಕಾರುಗಳಲ್ಲಿ ಮೊದಲೇ ಮುರಿದಿರುವುದೂ ಸಾಮಾನ್ಯವಾಗಿ ಅವೇ. ಅಂಥ ಕಡೆ ಸಣ್ಣ ಹಲ್ಲಿನ ತೆಳು ಗರಗಸವೇ ಗತಿ.

ಬಣ್ಣ ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಬ್ರೇಕ್ ಆಯಿಲ್ ಸಾಕು. ಎರಡೂ ಕರ್ನಾಟಕದ ಯಾವ ಪೇಟೆಯಲ್ಲಾದರೂ ಸಿಗುವ ವಸ್ತುಗಳು. ಬ್ರೇಕ್ ಆಯಿಲ್ ಡಾಟ್-3 ದರ್ಜೆಯದಾಗಿರಬೇಕು, ಏಕೆಂದರೆ ಸಿಲಿಕೋನ್‌ನಿಂದ ಮಾಡಿದ ಡಾಟ್-5 ಈ ಕೆಲಸಕ್ಕೆ ಬಾರದು. ಮುಚ್ಚಳವಿರುವ ಡಬ್ಬದಲ್ಲಿ ಕಾರಿನ ಮೈ ಮುಳುಗುವಷ್ಟು ಸುರಿದಿಟ್ಟು, ಆಗಾಗ ತೆಗೆದು ನೋಡುತ್ತಿದ್ದರೆ ದಪ್ಪನೆಯ ಎನಾಮಲ್ ಬಣ್ಣ ಸುಕ್ಕುಗಟ್ಟಿ ಸುಲಿದು ಬರುವುದು ಕಾಣುತ್ತದೆ. ಆಮೇಲೆ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಬೇಕು. ಕೈಗವಸು ಬೇಕೇಬೇಕು, ಆಲ್ಕೋಹಾಲ್ ಬಳಸುವಾಗ ಹತ್ತಿರ ಬೆಂಕಿ ಇರಕೂಡದು. ಕೆಟ್ಟ ಕ್ರೋಮ್, ಅಂದರೆ ಬಂಪರ್, ಗ್ರಿಲ್‌ಗಳ ಆ ಹೊಳಪಿನ ಪದರ, ತೆಗೆಯಲು ಮನೆಯಲ್ಲಿ ಬಟ್ಟೆಗೆ ಬಳಸುವ ಬ್ಲೀಚ್ ಸಾಕಾಗುತ್ತದೆ. ಅದನ್ನು ಬೇರಾವ ಕ್ಲೀನರ್ ಜೊತೆಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ಬಣ್ಣ ಹೋದ ಮೇಲಿನದು ನಮ್ಮೂರ ಗ್ಯಾರೇಜುಗಳ ಟಿಂಕರಿಂಗ್ ಕೆಲಸವೇ, ಅಳತೆ ಮಾತ್ರ ಚಿಕ್ಕದು. ಬೆರಳಚ್ಚಿನ ಗುಳಿಗೆ ಕೂಡಲೇ ಪುಟ್ಟಿ ತುಂಬುವವರೇ ಹೆಚ್ಚು. ಆದರೆ ಪುಟ್ಟಿ ಒಣಗಿದಂತೆ ಕುಗ್ಗುತ್ತದೆ, ವಾರಗಳ ನಂತರ ಹೊಸ ಬಣ್ಣದಡಿ ಅದೇ ಗುಳಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಕಡ್ಡಿಗಳ ಚೂರನ್ನೇ ನೀರಿನಂತೆ ತೆಳುವಾದ ಪ್ಲಾಸ್ಟಿಕ್ ಸಿಮೆಂಟಿನಲ್ಲಿ (ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟು) ಕರಗಿಸಿ ತುಂಬಿ, ಅದು ಪೂರ್ತಿ ಗಟ್ಟಿಯಾಗುವವರೆಗೆ ಬಿಟ್ಟು, ಆಮೇಲೆ ವಾಟರ್ ಪೇಪರ್ ಎಂಬ ಉಜ್ಜುಕಾಗದದಲ್ಲಿ ಒದ್ದೆಯಾಗಿ ಉಜ್ಜಿದರೆ ತುಂಬಿದ ಜಾಗವೂ ಸುತ್ತಲಿನ ಜಾಗವೂ ಒಂದೇ ವಸ್ತುವಾಗಿರುತ್ತವೆ. ಮುರಿದ ಕಂಬಕ್ಕೂ ಅದೇ ಕಡ್ಡಿ ಆಗಿಬರುತ್ತದೆ. ಬಾಗಿದ ತಳಕ್ಕೆ ಬಿಸಿನೀರು ಸಾಕು, ಕುದಿಯುವ ನೀರಲ್ಲ. ಮಂಜಾದ ಗಾಜನ್ನು ತೀರ ನಯವಾದ ಕಾಗದದಿಂದ ಇನ್ನೂ ನಯವಾದದ್ದಕ್ಕೆ ಹೋಗುತ್ತ ಉಜ್ಜಿ, ಕೊನೆಗೆ ಪಾಲಿಶ್ ಹಾಕಿದರೆ ತಕ್ಕಮಟ್ಟಿಗೆ ತಿಳಿಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮೈಮೇಲಿನ ಉಬ್ಬು ಹೆಸರುಗಳಿಗೆ. ಮಡ್‌ಗಾರ್ಡಿನ ಪಕ್ಕ ಅಕ್ಕಿಕಾಳಿಗಿಂತ ಚಿಕ್ಕದಾಗಿ ಬರೆದ ಕಾರಿನ ಹೆಸರು ವಾಟರ್ ಪೇಪರ್‌ನ ಒಂದೆರಡು ಎಳೆತಕ್ಕೇ ಅಳಿಸಿಹೋಗುತ್ತದೆ, ಹೋದದ್ದನ್ನು ಮತ್ತೆ ಕೆತ್ತುವುದು ಹೆಚ್ಚುಕಡಿಮೆ ಅಸಾಧ್ಯ. ಉಜ್ಜುವ ಮೊದಲೇ ಅದರ ಮೇಲೆ ಟೇಪ್ ಅಂಟಿಸಿ ಕಾಪಾಡಬೇಕು. ಬಣ್ಣ ಹೊಡೆಯುವ ಮುನ್ನ ಆ ಅಕ್ಷರಗಳ ಮೇಲೆ ತೆಳುವಾದ ಲೋಹದ ಹಾಳೆಯನ್ನು ಒತ್ತಿ ಕೂರಿಸಿ, ಮೇಲೆ ಬಣ್ಣ ಹೊಡೆದು, ಒಣಗಿದ ಮೇಲೆ ಅಕ್ಷರಗಳ ನೆತ್ತಿಯಷ್ಟನ್ನೇ ಹಗುರವಾಗಿ ಉಜ್ಜಿದರೆ ಕಾರ್ಖಾನೆಯಿಂದ ಬಂದಂಥ ಬೆಳ್ಳಿಯ ಬರಹ ಹೊರಬೀಳುತ್ತದೆ.

ಎಲ್ಲವನ್ನೂ ಉಳಿಸಬಹುದೆಂದು ನಾನು ಹೇಳುತ್ತಿಲ್ಲ. 1950ರ ದಶಕದ ಪ್ರಚಾರದ ಮಾದರಿಗಳಲ್ಲಿ ಅನೇಕವು ಅಸಿಟೇಟ್ ಪ್ಲಾಸ್ಟಿಕ್ಕಿನವು. ಅವು ಕಾಲ ಕಳೆದಂತೆ ತಾವಾಗಿಯೇ ಸೊಟ್ಟಗಾಗುತ್ತವೆ ಮತ್ತು ಅದಕ್ಕೆ ಒಳ್ಳೆಯ ಉಪಾಯವಿಲ್ಲ. ಅವುಗಳ ಮೇಲಿರುವುದು ಕಾರ್ಖಾನೆಯ ಮೂಲ ಬಣ್ಣವಾದ್ದರಿಂದ ಮಾಸಿದ್ದರೂ ಮುಟ್ಟದಿರುವುದೇ ಲೇಸು. ಮೃದುವಾದ ವಿನೈಲ್ ಟೈರಿನ ರಾಸಾಯನಿಕ ತಾಗಿ ಕರಗಿದ ಚಕ್ರಗಳನ್ನು ಸರಿಪಡಿಸಲು ಹೆಣಗುವ ಬದಲು ಬೇರೆ ಮುರುಕು ಕಿಟ್ಟಿನಿಂದ ಚಕ್ರ ತೆಗೆದುಕೊಳ್ಳುವುದು ವಾಸಿ. ಒಂದು ಒಳ್ಳೆಯ ಕಾರಿಗಾಗಿ ಎರಡು ಕೆಟ್ಟವನ್ನು ಬಲಿ ಕೊಡುವುದು ಈ ಕೆಲಸದಲ್ಲಿ ಮಾಮೂಲು. ನನಗೆ ಅದು ಅಷ್ಟಾಗಿ ಹಿಡಿಸದಿದ್ದರೂ ಬೇರೆ ದಾರಿ ಕಂಡಿಲ್ಲ.

ಲೇಖಕರು ಹಾದುಹೋಗುವಾಗ ಹೆಸರಿಸಿದ, ಮಾಮೂಲಿ ಎಂಜಿನ್ನಿನ ಬದಲು ಗ್ಯಾಸ್ ಟರ್ಬೈನಿನಿಂದ ಓಡುತ್ತಿದ್ದ ಕ್ರೈಸ್ಲರ್ ಟರ್ಬೈನ್ ಕಾರಿನ ಬಗ್ಗೆಯೂ ಒಂದು ಮಾತು. 1963ರಿಂದ 55 ಕಾರುಗಳನ್ನು ಮಾಡಿ, ಅವುಗಳಲ್ಲಿ 50ನ್ನು ಸರದಿಯ ಮೇಲೆ 203 ಮನೆಗಳವರಿಗೆ ಓಡಿಸಿ ನೋಡಲು ಕೊಟ್ಟ ಕಂಪನಿ, ಆಮೇಲೆ ಒಂಬತ್ತನ್ನು ಬಿಟ್ಟು ಉಳಿದೆಲ್ಲವನ್ನೂ ನಾಶಮಾಡಿತು. ಇದರ ಜೋ-ಹ್ಯಾನ್ ಕಿಟ್ ತನ್ನ ಸೂಕ್ಷ್ಮ ಕೆಲಸಕ್ಕೆ ಹೆಸರಾದದ್ದು. ಅಂಥದೊಂದು ಕಿಟ್ ಅಂಟಿನ ಮುದ್ದೆಯಾಗಿ ಯಾರದೋ ಅಟ್ಟದಲ್ಲಿ ಸಿಕ್ಕರೆ ಅದನ್ನು ಕಸವೆಂದು ಎಸೆಯಿರಿ ಎನ್ನಲು ಲೇಖಕರಿಗೂ ಮನಸ್ಸು ಬಾರದೆಂದು ನಂಬಿದ್ದೇನೆ.

ಬೆಲೆಯ ಬಗೆಗಿನ ಅವರ ಅಭಿಪ್ರಾಯವನ್ನು ಅವರಿಗೇ ಬಿಡೋಣ. ಥಿನ್ನರ್ ಬಗೆಗಿನ ಸಾಲನ್ನು ಮಾತ್ರ ಮುಂದಿನ ಪುರವಣಿಯಲ್ಲಿ ತಿದ್ದುಪಡಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ. ಆ ಪುರವಣಿಯನ್ನು ಮಕ್ಕಳೂ ಓದುತ್ತಾರೆ, ಮತ್ತು ಕಿಟಕಿ ಮುಚ್ಚಿದ ಕೋಣೆಯಲ್ಲಿ ಥಿನ್ನರ್ ಡಬ್ಬಿ ತೆರೆದು ಕೂತರೆ ಹಾಳಾಗುವುದು ಪ್ಲಾಸ್ಟಿಕ್ ಒಂದೇ ಅಲ್ಲ.

ತಮ್ಮ ವಿಶ್ವಾಸಿ,
ಒಬ್ಬ ಓದುಗ
ಟ್ರಾಯ್, ಮಿಷಿಗನ್