ಮೊದಲು ಪಂಪ್‌ಹೌಸಿಗೆ ಹೋಗಿ ಬಾ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ನೀರು ಸರಬರಾಜು ಸಂಸ್ಥೆಯಲ್ಲಿ ಇಂಗಾಲದ ಹೊಗೆ ತಗ್ಗಿಸುವ ಹೊಣೆ ನಿನ್ನ ಕೈಗೆ ಬಂತು ಅಂತ ಓದಿ ತುಂಬಾ ಖುಷಿಯಾಯಿತು. ಮೊದಲು ಸೋಲಾರ್ ಪ್ಯಾನೆಲ್ ಹಾಕಿಸೋಣ ಅಂತ ಮೇಲಿನವರು ಅವಸರ ಮಾಡುತ್ತಿದ್ದಾರೆ ಅಂದೆಯಲ್ಲ. ನಾನು ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮುಂಚೆ ಒಂದು ವಾರ ಪಂಪ್‌ಹೌಸಿನಲ್ಲಿ ಕೂತು ಬಾ.

ನಾನು ಕೆಲಸ ಮಾಡಿದ ಒಂದು ಪಂಪ್‌ಹೌಸಿನಲ್ಲಿ ನೀರು ಹೊರಹೋಗುವ ಕಡೆಯ ಡೆಲಿವರಿ ವಾಲ್ವ್ ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಪಕ್ಕದಲ್ಲಿ ನಿಂತರೆ ಪೈಪಿನೊಳಗೆ ಜಲ್ಲಿ ಉರುಳಿದ ಹಾಗೆ ಸದ್ದು. ಕೈ ಇಟ್ಟರೆ ಕಬ್ಬಿಣವೇ ನಡುಗುತ್ತಿತ್ತು. "ಪೂರ್ತಿ ತೆಗೆದರೆ ಮೋಟರ್ ಟ್ರಿಪ್ ಆಗಿ ನಿಂತುಬಿಡುತ್ತೆ ಸರ್, ಮೊದಲಿಂದಲೂ ಹೀಗೇ" ಅಂದರು ಆಪರೇಟರ್. ನಾನೂ ಹೂಂ ಅಂದುಕೊಂಡು 6 ವರ್ಷ ಅದರ ಮುಂದೆಯೇ ಓಡಾಡಿದೆ. ಕೊನೆಗೊಂದು ದಿನ ವಾಲ್ವಿನ ಎರಡೂ ಕಡೆ ಒತ್ತಡ ಅಳೆಯುವ ಗೇಜ್ ಹಾಕಿಸಿದೆ. ಪಂಪಿನ ಕಡೆ ಚದರ ಸೆಂಟಿಮೀಟರಿಗೆ 8 ಕೆಜಿ ಒತ್ತಡ, ಆಚೆ ಕಡೆ ಐದೂವರೆ. ಅಂದರೆ ಪಂಪು ಕಷ್ಟಪಟ್ಟು ನೀರನ್ನು 80 ಮೀಟರ್ ಎತ್ತುವಷ್ಟು ಒತ್ತಡ ಕೊಡುತ್ತಿತ್ತು, ಅದರಲ್ಲಿ 25 ಮೀಟರ್ ಆ ವಾಲ್ವಿನಲ್ಲೇ ಸಾಯುತ್ತಿತ್ತು. ಇಪ್ಪತ್ತು ವರ್ಷ ಮುಂದಿನ ಬೇಡಿಕೆಗೆ ಅಂತ ದೊಡ್ಡ ಪಂಪು ಕೂರಿಸಿ, ಅದನ್ನು ವಾಲ್ವಿನಿಂದ ಹಿಡಿದಿಟ್ಟಿದ್ದರು. ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರದ (ಇಂಪೆಲ್ಲರ್) ಅಂಚನ್ನು ಒಂದಿಷ್ಟು ಕಡೆಸಿ, ವಾಲ್ವ್ ಪೂರ್ತಿ ತೆರೆದೆವು. ಸದ್ದು ನಿಂತಿತು. ಕರೆಂಟ್ ಕಾಲು ಭಾಗಕ್ಕಿಂತ ಜಾಸ್ತಿ ಉಳಿಯಿತು. ಆ 6 ವರ್ಷ ಸುಮ್ನೆ ಹೋಯಿತಲ್ಲ ಅನ್ನೋದು ಈಗಲೂ ನನ್ನನ್ನು ಕೊರೆಯುತ್ತದೆ. ನಿನಗೆ ಹಾಗಾಗಬಾರದು.

ಇದನ್ನೇ ವಿ.ಎಫ್.ಡಿ. (ಮೋಟರಿನ ವೇಗ ಏರಿಳಿಸುವ ಸಾಧನ) ಹಾಕಿ ಸರಿಪಡಿಸೋಣ ಅಂತ ಯಾರಾದರೂ ಹೇಳುತ್ತಾರೆ. ಪೈಪಿನ ಘರ್ಷಣೆಯೇ ಮುಖ್ಯವಾಗಿರುವ ಕಡೆ ಅದು ಬಂಗಾರದಂಥ ಉಪಾಯ. ವೇಗ 20% ಇಳಿಸಿದರೆ ಕರೆಂಟ್ ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ. ಆದರೆ ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಎತ್ತುವ ಕಡೆ ಅಷ್ಟು ಸಿಗುವುದಿಲ್ಲ. ಎತ್ತರ ಎತ್ತರವೇ. ಮಾರುವವರು ಇದನ್ನು ಹೇಳುವುದಿಲ್ಲ, ನೀನೇ ಕೇಳಬೇಕು.

ಒಂದು ಲೆಕ್ಕ ತಲೆಯಲ್ಲಿಟ್ಟುಕೋ. ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲಕ್ಕೆತ್ತಲು ಲೆಕ್ಕದ ಪ್ರಕಾರ 0.27 ಯೂನಿಟ್ ಸಾಕು. ಪಂಪು, ಮೋಟರ್ ತಿನ್ನುವುದೂ ಸೇರಿದರೆ 0.4 ಆಗುತ್ತದೆ. ಸವೆದ ಪಂಪಾದರೆ ಇನ್ನೂ ಜಾಸ್ತಿ. ಇಷ್ಟು ಖರ್ಚು ಮಾಡಿ, ಶುದ್ಧ ಮಾಡಿ, ಕ್ಲೋರಿನ್ ಹಾಕಿ ಕಳಿಸಿದ ನೀರು ಮಣ್ಣಿನಡಿ ಸೋರಿಹೋದರೆ ಅದರ ಹಿಂದಿದ್ದ ಹೊಗೆಯೂ ದಂಡ. ರಾತ್ರಿ 2ರಿಂದ 4 ಗಂಟೆಯೊಳಗೆ ಊರಿನ ಪ್ರತಿ ವಲಯಕ್ಕೆ ಹೋಗುವ ನೀರಿನ ಮೀಟರ್ ನೋಡಿಸು. ಊರೆಲ್ಲ ಮಲಗಿರುವಾಗಲೂ ಮೀಟರ್ ಜೋರಾಗಿ ಓಡುತ್ತಿದ್ದರೆ ಬಹುಪಾಲು ಅದು ಸೋರಿಕೆಯೇ. ಆ ಹೊತ್ತಿನಲ್ಲಿ ಒತ್ತಡ ತಗ್ಗಿಸಿದರೆ ಅಗೆಯದೆಯೇ ಒಂದಿಷ್ಟು ನೀರು ಉಳಿಯುತ್ತದೆ, ಪೈಪ್ ಒಡೆಯುವುದೂ ಕಡಿಮೆ.

ಈಗ ಕೊಳಚೆ ನೀರಿನ ಕಡೆಗೆ ಬರೋಣ. ನಾನು ಇಲ್ಲಿ ತಡವಾಗಿ ಕಲಿತೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಶುದ್ಧೀಕರಣ ಘಟಕದ ಕರೆಂಟಿನಲ್ಲಿ ಅರ್ಧದಷ್ಟನ್ನು ಗಾಳಿ ಊದುವ ಬ್ಲೋವರುಗಳೇ ತಿನ್ನುತ್ತವೆ. ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕ ಸಾಕಾಗುವ ಕಡೆ 5ರವರೆಗೆ ಊದುತ್ತಿರುತ್ತಾರೆ. ಅದನ್ನು ಇಳಿಸಬೇಕು, ನಿಜ. ಆದರೆ ಬಿಲ್ ಮಾತ್ರ ನೋಡಿ ಗಾಳಿ ಅತಿಯಾಗಿ ಕಡಿಮೆ ಮಾಡಿದರೆ ಅಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳು ಉಸಿರುಕಟ್ಟಿ ನೈಟ್ರಸ್ ಆಕ್ಸೈಡ್ ಅನ್ನುವ ಅನಿಲ ಬಿಡುತ್ತವೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ, 100 ವರ್ಷದ ಲೆಕ್ಕದಲ್ಲಿ, ಅದು ಕಾರ್ಬನ್ ಡೈಆಕ್ಸೈಡಿಗಿಂತ 273 ಪಟ್ಟು ಕೆಟ್ಟದ್ದು. ಬಣ್ಣವಿಲ್ಲ, ಬಿಲ್ಲಿನಲ್ಲಿ ಕಾಣುವುದಿಲ್ಲ. ಕರೆಂಟ್ ಉಳಿಸಿ ಶಹಬ್ಬಾಸ್ ಅನ್ನಿಸಿಕೊಂಡವರು ಒಟ್ಟು ಲೆಕ್ಕದಲ್ಲಿ ಭೂಮಿಯನ್ನು ಇನ್ನಷ್ಟು ಬಿಸಿ ಮಾಡಿರಬಹುದು. ಹಾಗಾಗಿ ಟ್ಯಾಂಕಿನಲ್ಲೇ ಸೆನ್ಸರ್ ಇಟ್ಟು ಆ ಅನಿಲವನ್ನು ಅಳೆಯಬೇಕು, ಅದೂ ವರ್ಷವಿಡೀ. ಋತು ಬದಲಾದಂತೆ ಅದೂ ಏರಿಳಿಯುತ್ತದೆ. ಇದಕ್ಕೆ ದುಡ್ಡು ಕೇಳುವಾಗ ಹಿಂಜರಿಯಬೇಡ.

ಕೊಳಚೆ ನೀರು ಶುದ್ಧ ಮಾಡಿದಾಗ ಉಳಿಯುವ ಕೆಸರಿನಿಂದ ಗ್ಯಾಸ್ ಮಾಡಿ ಕರೆಂಟ್ ತೆಗೆಯುವುದು ಒಳ್ಳೆಯ ದಾರಿ. ಡೆನ್ಮಾರ್ಕಿನ ಆರ್‌ಹುಸ್ ನಗರದ ಮಾರ್ಸೆಲಿಸ್‌ಬೋರ್ಗ್ ಘಟಕ ತನಗೆ ಬೇಕಾದದ್ದಕ್ಕಿಂತ ಜಾಸ್ತಿ ಶಕ್ತಿಯನ್ನು ಹೀಗೇ ತಯಾರಿಸಿ ತೋರಿಸಿದೆ. ಆದರೆ ಕೆಸರು ಕೊಳೆಸಿ ಗ್ಯಾಸ್ ತೆಗೆಯುವ ತೊಟ್ಟಿಯ (ಡೈಜೆಸ್ಟರ್) ಮುಚ್ಚಳ ಸರಿಯಿಲ್ಲದೆ ಮೀಥೇನ್ ಸೋರಿದರೆ ಗಳಿಸಿದ್ದೆಲ್ಲ ನೀರುಪಾಲು. 20 ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿ ಮಾಡುವುದು ಕಾರ್ಬನ್ ಡೈಆಕ್ಸೈಡಿನ 80 ಪಟ್ಟಿನ ಹತ್ತಿರ. ಡೈಜೆಸ್ಟರಿನಿಂದ ಹೊರಬಂದ ಕೆಸರು ತೆರೆದ ತೊಟ್ಟಿಯಲ್ಲಿ ಗುಳ್ಳೆ ಎಬ್ಬಿಸುತ್ತಾ ನಿಂತಿದ್ದರೆ ಅದನ್ನೂ ಮುಚ್ಚಿಸು.

ಇಷ್ಟಾದ ಮೇಲೆ ಸೋಲಾರ್ ಹಾಕಿಸು. ಆಗ ಚಿಕ್ಕದೇ ಸಾಕಾಗುತ್ತದೆ. ನಿನ್ನ ಎತ್ತರದ ಟ್ಯಾಂಕುಗಳನ್ನೇ ಬ್ಯಾಟರಿ ಅಂದುಕೋ. ಬಿಸಿಲಿರುವಾಗ ತುಂಬಿಸಿ, ಸಂಜೆ ಪಂಪು ನಿಲ್ಲಿಸು. ಹೊಸ ಕಾಂಕ್ರೀಟ್ ಟ್ಯಾಂಕ್, ಹೊಸ ಪೈಪ್‌ಲೈನ್ ಬೇಕು ಅಂತ ಫೈಲ್ ಬಂದರೆ, ಸೋರಿಕೆ ನಿಲ್ಲಿಸಿದರೂ ಇದು ಬೇಕಾ ಅಂತ ಒಮ್ಮೆ ಕೇಳು. ಸಿಮೆಂಟು, ಉಕ್ಕಿನ ಹೊಗೆ ನಿನ್ನ ಅಂಗಳದಲ್ಲಿ ಏಳದಿದ್ದರೂ ಅದು ನಿನ್ನ ಲೆಕ್ಕಕ್ಕೇ ಸೇರಬೇಕು.

ಇನ್ನೊಂದು ಮಾತು. ಆಪರೇಟರುಗಳ ಜೊತೆ ಕೂತು ಮಾತಾಡು. ಯಾವ ಪಂಪಿನ ಸದ್ದು ಬದಲಾಗಿದೆ, ಯಾವ ವಾಲ್ವ್ ಎಷ್ಟು ಸುತ್ತು ಮುಚ್ಚಿದೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ಕೇಳಿದವರಿಲ್ಲ ಅಷ್ಟೆ.

ಮುಂದಿನ ಪತ್ರದಲ್ಲಿ ನಿನ್ನ ದೊಡ್ಡ ಪಂಪಿನ ವಾಲ್ವಿನ ಎರಡೂ ಕಡೆಯ ಗೇಜ್ ಓದಿ ಬರೆದು ಕಳಿಸು. ಜೊತೆಗೆ ಗಂಟೆಗೆ ಎಷ್ಟು ನೀರು, ಎಷ್ಟು ಯೂನಿಟ್ ಅನ್ನೋದೂ ಇರಲಿ. ನಾನು ಇಲ್ಲಿ ಕೂತು ಲೆಕ್ಕ ಹಾಕಿ ತಿಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ