ಆಪ್ಷನ್ ಎಂಟ್ರಿ ಹೇಳಿಕೊಟ್ಟ ತಂಗಿಗೆ

ಬಾಗಲಕೋಟೆ ನವನಗರದ ಕಂಪ್ಯೂಟರ್ ಸೆಂಟರ್‌ನಲ್ಲಿ ನಮ್ಮ ಪಕ್ಕ ಕೂತಿದ್ದ ತಂಗಿ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ. ಪ್ರಿಂಟ್ ಕೈಗೆ ಬಂದಿದ್ದೇ ತಡ, ಬಸ್ಸಿಗೆ ಓಡಿದಿರಿ. ಹೆಸರೂ ಕೇಳಲಾಗಲಿಲ್ಲ.

ಮಗಳ ಸಿಇಟಿ ಆಪ್ಷನ್ ಎಂಟ್ರಿ ನಡೆದಿತ್ತು, ಅಂದರೆ ಬೇಕಾದ ಕಾಲೇಜುಗಳನ್ನು ಕಂಪ್ಯೂಟರ್‌ನಲ್ಲಿ ಒಂದರ ಕೆಳಗೊಂದು ಹಾಕುವುದು. ಊರಿಗೆ ಹತ್ತಿರದ ಕಾಲೇಜೇ ಮೇಲಿರಲಿ ಅಂತ ನಾನು. ಅವಳು ಮಾತೇ ಆಡುತ್ತಿರಲಿಲ್ಲ. ಆಗ ನೀವು, "ಕಾಕಾ, ಸಿಗೋದನ್ನಲ್ರಿ, ಬೇಕಾದ್ದನ್ನ ಮೊದಲು ಹಾಕ್ರಿ" ಅಂದಿರಿ. ರ‍್ಯಾಂಕ್ ನೋಡಿ ಪಟ್ಟಿಯ ಮೇಲಿನಿಂದ ಇಳಿಯುತ್ತಾ ಬರುತ್ತಾರೆ, ಮೊದಲು ಸಿಕ್ಕ ಸೀಟಿಗೆ ನಿಲ್ಲುತ್ತಾರೆ, ಅದರ ಕೆಳಗಿನದು ಲೆಕ್ಕಕ್ಕಿಲ್ಲ. ನಿಜವಾದ ಸೀಟು ಹಂಚಿಕೆಗೆ ಮುಂಚೆ ಬಿಡುವ ಅಣಕು ಹಂಚಿಕೆ ನೋಡಿಕೊಂಡು ಕ್ರಮ ಬದಲಿಸಬಹುದು ಅಂತಲೂ ಹೇಳಿದಿರಿ. ಸಿಇಟಿ ನಡೆಸುವ ಕೆಇಎ ಸೂಚನೆಯಲ್ಲಿ ಇದೆಲ್ಲ ಇರುತ್ತದೆ, ನಿಜ. ನಮ್ಮಂಥವರಿಗೆ ಅದು ಓದಿದರೆ ತಿಳಿಯಬೇಕಲ್ವಾ!

ಜೆರಾಕ್ಸ್ ಹಾಳೆಯ ಹಿಂದೆ, ಸೀಟು ಸಿಕ್ಕ ಮೇಲೆ ಒಂದನ್ನು ಆರಿಸಬೇಕಾದ ಚಾಯ್ಸ್ 1ರಿಂದ 4 ಬರೆದುಕೊಟ್ಟಿರಿ. ಎರಡರ ಮುಂದೆ "ಸೀಟು ಕೈಯಾಗ ಇರತೈತಿ, ಮ್ಯಾಲಿಂದಕ್ಕ ಕಾಯಬಹುದು". ನಾಲ್ಕರ ಮುಂದೆ "ಪೂರ್ತಿ ಹೊರಗ. ಸುಮ್ನೆ ಒತ್ತಬ್ಯಾಡ್ರಿ", ಕೆಳಗೆ ಎರಡು ಗೆರೆ. ಆ ಹಾಳೆ ಈಗ ಓಣಿಯಲ್ಲೆಲ್ಲ ತಿರುಗುತ್ತಿದೆ.

ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು, ನೀವು ಮೌಸನ್ನು ನನ್ನ ಕಡೆಯಿಂದ ಮೆಲ್ಲಗೆ ಮಗಳ ಕಡೆ ಸರಿಸಿದ್ದು. ಅವಳು ಬೆಳಗಾವಿಯ ಕಾಲೇಜನ್ನು ಮೊದಲು ಹಾಕಿದಳು. ಎರಡನೇ ಸುತ್ತಿನಲ್ಲಿ ಅದೇ ಸಿಕ್ಕಿತು, ಹಾಸ್ಟೆಲ್ ಕೂಡ ಆಯಿತು.

ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಸಲ ಮನೆಗೆ ಬನ್ನಿ ತಂಗಿ. ಅವಳ ಅವ್ವ ರೊಟ್ಟಿ, ಎಣ್ಣೆಗಾಯಿ ಮಾಡುತ್ತೇನೆ ಅಂತ ಕಾಯುತ್ತಿದ್ದಾಳೆ.