ಸುಧಾರಣಾ ಭಾನುವಾರದ ಹಾಡು: ಶನಿವಾರ ಅಭ್ಯಾಸ

ಗಾಯನ ಬಳಗದ ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಈ ಭಾನುವಾರ ಸಭೆಯ ಸುಧಾರಣೆಯನ್ನು ನೆನೆಯುವ ಆರಾಧನೆಯಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ಅವರ ‘ಐನೆ ಫೆಸ್ಟೆ ಬುರ್ಗ್’ (ಭದ್ರವಾದ ಕೋಟೆ) ಹಾಡುತ್ತೇವೆ. 46ನೇ ಕೀರ್ತನೆಯನ್ನು ಆಧರಿಸಿ 1520ರ ದಶಕದ ಕೊನೆಯಲ್ಲಿ ಬರೆದದ್ದು, ರಾಗವೂ ಅವರದೇ. ಅಭ್ಯಾಸ ಶನಿವಾರ ಸಂಜೆ 5:30ಕ್ಕೆ. ಸೊಪ್ರಾನೊ, ಆಲ್ಟೊ (ಹೆಣ್ಣು ಧ್ವನಿಯ ಮೇಲಿನ, ಕೆಳಗಿನ ಸ್ಥಾಯಿ), ಟೆನರ್, ಬೇಸ್ (ಗಂಡು ಧ್ವನಿಯ ಮೇಲಿನ, ಕೆಳಗಿನ ಸ್ಥಾಯಿ) ಹೀಗೆ ನಾಲ್ಕೂ ಧ್ವನಿಯವರು ಬೇಕು.

ಕೀಬೋರ್ಡ್ ಸಿ ಮೇಜರ್‌ನಲ್ಲಿರುತ್ತದೆ, ಅಂದರೆ ‘ಸಿ’ ಸ್ವರವೇ ನಮ್ಮ ಷಡ್ಜ. ಹಾಡು ಶುರುವಾಗುವುದೇ ಮೇಲಿನ ಷಡ್ಜದಿಂದ, ಅಂದರೆ ರಾಗದ ಅತಿ ಎತ್ತರದ ಸ್ವರದಿಂದ. ಗಂಟಲು ಸಿದ್ಧವಾಗದೆ ಹಿಡಿದರೆ ಮೊದಲ ಸಾಲಿನಲ್ಲೇ ಶ್ರುತಿ ಇಳಿಯುತ್ತದೆ. ಹಾಗಾಗಿ 5:20ಕ್ಕೇ ಬನ್ನಿ, ಹತ್ತು ನಿಮಿಷ ಸ್ವರಾಭ್ಯಾಸ ಮಾಡೋಣ. 2, 4 ಮತ್ತು ಕೊನೆಯ ಸಾಲು ಒಂದೇ ಧಾಟಿಯಲ್ಲಿ ಕೆಳಗಿನ ಷಡ್ಜಕ್ಕೆ ಇಳಿಯುತ್ತವೆ. ಅಲ್ಲಿಗೆ ಉಸಿರು ಉಳಿಸಿಕೊಳ್ಳಿ.

ಲಯದಲ್ಲಿ ಎರಡು ರೂಪಗಳಿವೆ. ಲೂಥರರ ಕಾಲದ್ದು ಗಿಡ್ಡ-ಉದ್ದ ಸ್ವರಗಳ ಕುಣಿತ, ಮುಂದೆ ಜರ್ಮನ್ ಸಂಗೀತಕಾರ ಬಾಖ್ ಬಳಸಿದ್ದು ಸಮ ನಡೆ. ನಮ್ಮ ಹಾಳೆಯಲ್ಲಿರುವುದು ಸಮ ನಡೆ. ಯೂಟ್ಯೂಬ್ ಕೇಳಿ ಹಳೆಯ ಲಯ ಕಲಿತವರು ದಯವಿಟ್ಟು ಹಾಳೆಯನ್ನೇ ನೋಡಿ, ಇಲ್ಲವಾದರೆ ಧ್ವನಿಗಳು ಒಂದಕ್ಕೊಂದು ಡಿಕ್ಕಿಯಾಗುತ್ತವೆ. ನಡುವಿನ ಗಿಡ್ಡ ಸಾಲುಗಳ ಕೊನೆಯಲ್ಲಿ ಎಳೆಯಬೇಡಿ.

ಸಮಯ ಕಡಿಮೆ ಎಂದು ಒಂದೇ ಚರಣಕ್ಕೆ ನಿಲ್ಲಿಸುವುದು ಬೇಡವೇ ಬೇಡ. ಮೊದಲ ಚರಣ ಮುಗಿಯುವುದು ಶತ್ರುವಿಗೆ ಭೂಮಿಯಲ್ಲಿ ಸಾಟಿಯಿಲ್ಲ ಎಂಬಲ್ಲಿ. ನಮ್ಮ ಪರವಾಗಿ ಅವನನ್ನು ಎದುರಿಸುವ ಕ್ರಿಸ್ತನ ಹೆಸರು ಬರುವುದು ಎರಡನೆಯದರಲ್ಲಿ. ನಾಲ್ಕನ್ನೂ ಹಾಡುತ್ತೇವೆ.

ಬರುವವರು ಗುರುವಾರ ರಾತ್ರಿಯೊಳಗೆ ನಿಮ್ಮ ಧ್ವನಿ ಯಾವುದೆಂದು ಇಲ್ಲೇ ಬರೆಯಿರಿ. ಟೆನರ್ ಮೂವರಿಗಿಂತ ಕಡಿಮೆಯಾದರೆ ಮೂರನೇ ಚರಣವನ್ನು ಎಲ್ಲರೂ ಒಂದೇ ಧ್ವನಿಯಲ್ಲಿ ಹಾಡೋಣ.